ಮನೆಯಲ್ಲೇ ಫೋಟೋ ಪ್ರಿಂಟ್ ತೆಗೆಯಲಿಕ್ಕೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಯಾವ ಪ್ರಿಂಟರ್ ಒಳ್ಳೆಯದು? (ಮಂಗಳೂರು–ಉಡುಪಿ)

ಉರ್ವದ ಮನೆ

ನಮಸ್ಕಾರ ಎಲ್ಲರಿಗೂ. ಮನೆಗೊಂದು ಪ್ರಿಂಟರ್ ತಗೊಳ್ಬೇಕು ಅಂತ ಉಂಟು. ಬರೀ ಕಾಗದಪತ್ರಕ್ಕಲ್ಲ, ಫೋಟೋ ಚಂದ ಬರ್ಬೇಕು. ನಮ್ಮವರಿಗೆ ಯಕ್ಷಗಾನ ಆಟದ ಹುಚ್ಚು. ತೆಂಕುತಿಟ್ಟಾಗ್ಲಿ ಬಡಗುತಿಟ್ಟಾಗ್ಲಿ, ಹತ್ತಿರದಲ್ಲಿ ಬಯಲಾಟ ಉಂಟು ಅಂದ್ರೆ ಕ್ಯಾಮೆರಾ ಹೆಗಲಿಗೆ ಹಾಕಿ ಹೊರಟ್ರು. ಆ ಫೋಟೋಗಳೆಲ್ಲ ಹಾರ್ಡ್ ಡಿಸ್ಕಿನಲ್ಲೇ ಕೊಳೀತಾ ಉಂಟು. ಅದಲ್ಲದೆ ಅತ್ತೆಯ ಹಳೇ ಕಪ್ಪು-ಬಿಳುಪು ಆಲ್ಬಮ್ಮಿಗೆ ಬೂಷ್ಟು ಹಿಡಿದಿದೆ. ಅದನ್ನು ಸ್ಕ್ಯಾನ್ ಮಾಡಿ ನಾದಿನಿಯರಿಗೆಲ್ಲ ಒಂದೊಂದು ಪ್ರತಿ ಕೊಡ್ಬೇಕು. ಮಗಳ ಶಾಲೆಯ ಪ್ರಾಜೆಕ್ಟ್ ಅಂತೂ ಮುಗಿಯುವಂಥದ್ದಲ್ಲ.

ಬಜೆಟ್ ಹದಿನೈದು, ತೀರಾ ಎಳೆದ್ರೆ ಇಪ್ಪತ್ತು. ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಕೇಳಿದ್ರೆ "ಇದು 5760 ಡಿಪಿಐ ಮೇಡಂ, ಕಣ್ಣುಮುಚ್ಚಿ ತಗೊಳ್ಳಿ" ಅಂದ್ರು. ಮತ್ತೊಂದರಲ್ಲಿ 4800 ಅಂದ್ರು. 5760 ಆದ್ರೆ ಫೋಟೋ ಅಷ್ಟು ಚಂದ ಬರ್ತದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕಂಕನಾಡಿ ಕಾಫಿ

ಪ್ರಿಂಟರ್ ಬೇಡ ಮಾರಾಯ್ರೆ. ಲ್ಯಾಬಿಗೆ ಕೊಡಿ, ಸಂಜೆಗೆ ಕೈಗೆ ಬರ್ತದೆ.

ಕುಂದಾಪ್ರ ಹೈದ

ಹ್ವಾಯ್, ಕಲರ್ ಲೇಸರ್ ತಕಣಿ. ಶಾಯಿ ಒಣ್ಗುದು, ಹೆಡ್ ಬ್ಲಾಕ್ ಆಪ್ದು ಅಂತ ರಗಳೆಯೇ ಇಲ್ಲ ಕಾಣಿ.

ಸುರತ್ಕಲ್ ಇಂಜಿನಿಯರ್

ಹೈದ, ಲೇಸರ್ ಪ್ರಾಜೆಕ್ಟಿಗೆ ಸರಿ, ಫೋಟೋಕ್ಕಲ್ಲ. ಟೋನರ್ ಪುಡಿಯನ್ನು ಬಿಸಿ ರೋಲರಿನಲ್ಲಿ ಕಾಗದಕ್ಕೆ ಕರಗಿಸಿ ಅಂಟಿಸುವ ವ್ಯವಸ್ಥೆ ಅದು. ಮುಖದ ನೆರಳು-ಬೆಳಕು ಮೆಲ್ಲ ಮೆಲ್ಲ ಬದಲಾಗುವಲ್ಲಿ ಚುಕ್ಕಿ ಚುಕ್ಕಿ ಕಾಣ್ತದೆ. ಇನ್ನೊಂದು ಎಚ್ಚರಿಕೆ: ಇಂಕ್‌ಜೆಟ್ಟಿನ ಗ್ಲಾಸಿ ಫೋಟೋ ಪೇಪರನ್ನು ಯಾರೂ ಲೇಸರಿಗೆ ಹಾಕ್ಬೇಡಿ. ಮೇಲಿನ ಲೇಪ ಕರಗಿ ಆ ಬಿಸಿ ರೋಲರಿಗೆ ಹಿಡಿದ್ರೆ ಪ್ರಿಂಟರನ್ನೇ ರಿಪೇರಿಗೆ ಕೊಂಡೊಯ್ಬೇಕು.

ಇನ್ನು 5760. ಅದು ಒಂದು ಇಂಚಿನ ಉದ್ದದಲ್ಲಿ ಪ್ರಿಂಟರ್ ಶಾಯಿಯ ಹನಿಯನ್ನು ಎಷ್ಟು ಜಾಗದಲ್ಲಿ ಇಡಬಲ್ಲದು ಎನ್ನುವ ಲೆಕ್ಕ, ನಿಮ್ಮ ಫೋಟೋದ ಲೆಕ್ಕ ಅಲ್ಲ. ಇರುವ ಬಣ್ಣ ನಾಲ್ಕೋ ಆರೋ. ಉಳಿದ ಸಾವಿರಾರು ಛಾಯೆಗಳನ್ನು ಹನಿಗಳನ್ನು ಅಕ್ಕಪಕ್ಕ ಉದುರಿಸಿಯೇ ತೋರಿಸ್ಬೇಕು, ಹಾಗಾಗಿ ಒಂದು ಪಿಕ್ಸೆಲಿಗೆ ಹಲವು ಹನಿ ಬೇಕಾಗ್ತದೆ. ಫೋಟೋ ಕಡೆಯಿಂದ ಇಂಚಿಗೆ 300 ಪಿಕ್ಸೆಲ್ ಇದ್ರೆ ಧಾರಾಳ. 4×6ಕ್ಕೆ 1200×1800, ಅಂದ್ರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಪೂರ್ತಿ ಎ4ಕ್ಕೆ 2480×3508, ಒಂಬತ್ತು ಮೆಗಾಪಿಕ್ಸೆಲಿನ ಒಳಗೆ. ನಿಮ್ಮ ಫೋನೂ ಇದನ್ನು ದಾಟಿರ್ತದೆ. 4800ಕ್ಕೂ 5760ಕ್ಕೂ ಇರುವ ವ್ಯತ್ಯಾಸ ನೋಡಿ ಪ್ರಿಂಟರ್ ಆರಿಸುವವರು ಅಂಗಡಿಯವರಿಗೆ ಬಹಳ ಇಷ್ಟದ ಗಿರಾಕಿಗಳು.

ನೀವು ಕೇಳ್ಬೇಕಾದ ಪ್ರಶ್ನೆ ಎರಡೇ. ಶಾಯಿ ಎಷ್ಟು ಬಣ್ಣದ್ದು? ಕಪ್ಪು ಶಾಯಿ ಯಾವ ಜಾತಿಯದ್ದು?

ಎರಡನೆಯದನ್ನು ಯಾರೂ ಕೇಳುವುದಿಲ್ಲ. ಶಾಯಿಯಲ್ಲಿ ಡೈ ಅಂತ ಉಂಟು, ಪಿಗ್ಮೆಂಟ್ ಅಂತ ಉಂಟು. ಡೈ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ, ಫೋಟೋ ಪೇಪರಿನ ಲೇಪದೊಳಗೆ ಇಳೀತದೆ, ಹೊಳಪು ಚಂದ. ಪಿಗ್ಮೆಂಟ್ ಅಂದ್ರೆ ಸಣ್ಣ ಸಣ್ಣ ಕಣ, ಮೇಲೆಯೇ ಕೂರ್ತದೆ. ಸಾದಾ ಕಾಗದದ ಮೇಲೆ ಅಕ್ಷರ ಖಡಕ್ ಬರ್ಲಿ ಅಂತ ಮನೆ-ಆಫೀಸಿನ ನಾಲ್ಕು ಬಣ್ಣದ ಟ್ಯಾಂಕ್ ಪ್ರಿಂಟರುಗಳಲ್ಲಿ ಹಲವಕ್ಕೆ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಡೈ. ಕ್ಯಾನನ್ ಜಿ3000 ಹಾಗೆ, ಎಚ್‌ಪಿಯ ಸ್ಮಾರ್ಟ್ ಟ್ಯಾಂಕುಗಳೂ ಹಾಗೆ. ಜಿ3000ಕ್ಕೆ ನೀವು ಗ್ಲಾಸಿ ಪೇಪರ್ ಅಂತ ಸೆಟ್ಟಿಂಗ್ ಕೊಟ್ಟ ಕೂಡಲೇ ಅದು ಕಪ್ಪು ಶಾಯಿಯನ್ನು ಪಕ್ಕಕ್ಕಿಟ್ಟು ನೀಲಿ, ಮಜೆಂಟಾ (ಗುಲಾಬಿ ಕೆಂಪು), ಹಳದಿ ಸೇರಿಸಿಯೇ ಕಪ್ಪು ಮಾಡ್ತದೆ. ಆ ಕಪ್ಪು ಪೂರ್ತಿ ಕಪ್ಪಲ್ಲ, ಕಂದು ಹೊಡೀತದೆ. ಅತ್ತೆಯ ಆಲ್ಬಮ್ಮಿನ ಫೋಟೋದಲ್ಲಿ ಇದು ಎದ್ದು ಕಾಣ್ತದೆ.

ಕಂಕನಾಡಿ ಕಾಫಿ

ಇಷ್ಟೆಲ್ಲ ಓದಿಯೂ ಲ್ಯಾಬೇ ಒಳ್ಳೆಯದು ಅಂತ ಕಾಣ್ತದೆ ನನಗೆ. ತಿಂಗಳಿಗೆ ಎಷ್ಟು ಫೋಟೋ ತೆಗೀತೀರಿ ನೀವು?

ಉರ್ವದ ಮನೆ

ಸರಾಸರಿ ಇಪ್ಪತ್ತು-ಮೂವತ್ತು ಇರ್ಬಹುದು. ಆದ್ರೆ ಒಂದೇ ಸಮ ಇಲ್ಲ. ದಸರಾ, ದೀಪಾವಳಿ, ಮದುವೆ ಸೀಸನ್ ಅಂದ್ರೆ ಜಾಸ್ತಿ. ಮೇ ಕೊನೆಗೆ ಪತ್ತನಾಜೆ ಕಳೆದು ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ನಮ್ಮವರ ಕ್ಯಾಮೆರಾ ಕಪಾಟು ಸೇರ್ತದೆ.

ಪೆನ್ಶನ್ ಮೇಷ್ಟ್ರು

ಕಾಫಿಯವರ ಮಾತನ್ನು ತಳ್ಳಿಹಾಕುವ ಮೊದಲು ಒಂದು ಲೆಕ್ಕ ಮಾಡೋಣ. ಊರಲ್ಲಿ 4×6 ಪ್ರಿಂಟಿಗೆ ಅಂಗಡಿ ನೋಡಿಕೊಂಡು ಹತ್ತರಿಂದ ಹದಿನೈದು ರೂಪಾಯಿ. ಹನ್ನೆರಡು ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ತೆಗೆದರೆ ಒಳ್ಳೆಯ ಕಾಗದಕ್ಕೆ ಐದಾರು ರೂಪಾಯಿ, ಶಾಯಿಗೆ ಎರಡೋ ಮೂರೋ, ಒಟ್ಟು ಎಂಟು. ಒಂದು ಫೋಟೋಕ್ಕೆ ಉಳಿತಾಯ ನಾಲ್ಕು ರೂಪಾಯಿ. ಇಪ್ಪತ್ತು ಸಾವಿರದ ಯಂತ್ರದ ದುಡ್ಡು ಹೊರಡಲು ಐದು ಸಾವಿರ ಫೋಟೋ ಆಗಬೇಕು. ತಿಂಗಳಿಗೆ ಇಪ್ಪತ್ತೈದರಂತೆ ತೆಗೆದರೆ ಇನ್ನೂರು ತಿಂಗಳು, ಅಂದರೆ ಹದಿನಾರು ವರ್ಷದ ಮೇಲಾಯಿತು! ಅಷ್ಟರಲ್ಲಿ ನಿಮ್ಮ ಮಗಳು ಅವಳ ಮಕ್ಕಳ ಪ್ರಾಜೆಕ್ಟಿಗೆ ಹೊಸ ಪ್ರಿಂಟರ್ ಹುಡುಕುತ್ತಿರುತ್ತಾಳೆ.

ಆದರೆ ಎ4ರ ಲೆಕ್ಕ ಬೇರೆ. ಲ್ಯಾಬಿನಲ್ಲಿ ಅದಕ್ಕೆ ಎಂಬತ್ತು-ನೂರು ತೆಗೆದುಕೊಳ್ಳುವಲ್ಲಿ ಮನೆಯಲ್ಲಿ ಮೂವತ್ತರ ಸುತ್ತಮುತ್ತ ಮುಗಿಯುತ್ತದೆ. ನಿಮ್ಮ ಯಜಮಾನರು ವೇಷದ ಫೋಟೋಗಳನ್ನು ಎ4 ಮಾಡುವವರಾದರೆ, ಅವು ವರ್ಷಕ್ಕೆ ನೂರಾದರೂ ಇದ್ದರೆ, ಆಗ ಯಂತ್ರ ತನ್ನ ಹಣ ತಾನೇ ದುಡಿಯುತ್ತದೆ. 4×6 ಮಾತ್ರ ಸಾಕು ಎನ್ನುವವರು ಹಣ ಉಳಿಸಲು ಪ್ರಿಂಟರ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಕಂಕನಾಡಿ ಕಾಫಿ

ಮೇಷ್ಟ್ರಿಗೆ ಒಂದು ಚಾ ನನ್ನ ಲೆಕ್ಕದಲ್ಲಿ.

ಉರ್ವದ ಮನೆ

ಮೇಷ್ಟ್ರೆ, ಲೆಕ್ಕ ನೋಡಿ ನಮ್ಮವರ ಮುಖ ಸಣ್ಣಗಾಯ್ತು. ಆದ್ರೆ ಅವರ ವಾದ ಬೇರೆ. ಲ್ಯಾಬಿಗೆ ಕೊಟ್ರೆ ಯಂತ್ರ ತಾನಾಗಿ "ಸರಿ" ಮಾಡ್ತದೆ, ರಾತ್ರಿ ಆಟದ ಕತ್ತಲೆಯನ್ನೆಲ್ಲ ಬೆಳ್ಳಗೆ ಮಾಡಿ ಕೊಡ್ತದೆ, ಚೌಕಿಯ (ವೇಷ ಕಟ್ಟುವ ಜಾಗದ) ದೀಪದಲ್ಲಿ ತೆಗೆದದ್ದಕ್ಕೆ ಹಗಲಿನ ಬಣ್ಣ ಬರ್ತದೆ ಅಂತ. ಅವರಿಗೆ ಎ4ರಲ್ಲೇ ಬೇಕು, ಅವರು ಹೇಳಿದ ಬಣ್ಣದಲ್ಲೇ ಬೇಕು.

ಡಾರ್ಕ್ ರೂಮ್ ಉಡುಪಿ

ಯಜಮಾನರ ದೂರು ಸರಿಯೇ. ನಾನು ಸ್ಟುಡಿಯೋ ನಡೆಸಿ ಈಗ ಮಗನಿಗೆ ಬಿಟ್ಟವ. ಲ್ಯಾಬಿನ ಯಂತ್ರಕ್ಕೆ ಯಕ್ಷಗಾನ ಗೊತ್ತಿಲ್ಲ. ಮುಕ್ಕಾಲು ಚೌಕಟ್ಟು ಕಪ್ಪು ಇರುವ ಫೋಟೋ ಬಂದ್ರೆ "ಪಾಪ, ಬೆಳಕು ಸಾಲದು" ಅಂತ ಎತ್ತಿ ಬಿಡ್ತದೆ. "ಕರೆಕ್ಷನ್ ಬೇಡ, ಇದ್ದ ಹಾಗೆ ತೆಗೀರಿ" ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳಿದ್ರೆ ಹೆಚ್ಚಿನವರು ಮಾಡಿಕೊಡ್ತಾರೆ.

ಮನೆಯಲ್ಲೇ ಆಗ್ಬೇಕು ಅಂತಾದ್ರೆ ಆರು ಬಣ್ಣದ್ದಕ್ಕಿಂತ ಕೆಳಗೆ ಇಳೀಬೇಡಿ. ಈ ಬೆಲೆಯ ಸುತ್ತ ಸಿಗುವುದು ಮುಖ್ಯವಾಗಿ ಎರಡು. ಒಂದು ಎಪ್ಸನ್ ಎಲ್8050, ಇನ್ನೊಂದು ಕ್ಯಾನನ್ ಜಿ570. ಎರಡೂ ಬಾಟಲಿಯಿಂದ ಶಾಯಿ ತುಂಬಿಸುವ ಟ್ಯಾಂಕಿನವು, ಎರಡರಲ್ಲೂ ಶಾಯಿ ಡೈ. ವ್ಯತ್ಯಾಸ ಇರುವುದು ಐದನೇ ಆರನೇ ಬಣ್ಣದಲ್ಲಿ. ಎಪ್ಸನ್‌ನವರು ತಿಳಿ ನೀಲಿ, ತಿಳಿ ಮಜೆಂಟಾ ಕೊಟ್ಟಿದ್ದಾರೆ. ಮುಖದ ಚರ್ಮ, ಮಲ್ಪೆಯ ಸಂಜೆ ಆಕಾಶ, ಇಂಥ ತಿಳಿ ಜಾಗಗಳಲ್ಲಿ ಚುಕ್ಕಿ ಕಾಣದ ಹಾಗೆ ನುಣ್ಣಗೆ ಬರ್ತದೆ. ಕ್ಯಾನನ್‌ನವರು ಕೆಂಪು ಮತ್ತು ಬೂದು ಕೊಟ್ಟಿದ್ದಾರೆ. ಕೆಂಪು ಇರುವುದರಿಂದ ಗಾಢ ಕೆಂಪು ಮಂಕಾಗುವುದಿಲ್ಲ. ಬೂದು ಇರುವುದರಿಂದ ಕಪ್ಪು-ಬಿಳುಪು ಫೋಟೋಕ್ಕೆ ಹಸಿರೋ ಗುಲಾಬಿಯೋ ಛಾಯೆ ಹತ್ತುವುದು ಕಮ್ಮಿ.

ತೆಂಕಿನ ಬಣ್ಣದ ವೇಷವನ್ನೇ ತಗೊಳ್ಳಿ. ಮುಖದ ತುಂಬ ಕೆಂಪು-ಕಪ್ಪು, ಅದರ ಅಂಚಿಗೆ ಅಕ್ಕಿ ಹಿಟ್ಟು-ಸುಣ್ಣದ ಚುಟ್ಟಿ. ಒಳ್ಳೇ ಪ್ರಿಂಟಿನಲ್ಲಿ ಚುಟ್ಟಿಯ ಒಂದೊಂದು ಮುಳ್ಳೂ ಬೇರೆ ಬೇರೆ ನಿಂತು ಅದರ ಬುಡದ ನೆರಳು ಸಮೇತ ಕಾಣ್ಬೇಕು. ಕಳಪೆ ಪ್ರಿಂಟಿನಲ್ಲಿ ಬಿಳಿ ಗೆರೆ ಎಳೆದ ಹಾಗಾಗ್ತದೆ, ಕೆನ್ನೆಯ ಕೆಂಪು ಒಂದೇ ಮುದ್ದೆ. ಪ್ರಿಂಟರ್ ಪರೀಕ್ಷೆಗೆ ನನ್ನ ಹತ್ರ ಕೇಳಿದವರಿಗೆಲ್ಲ ಇಂಥದ್ದೊಂದು ಫೋಟೋ ಕೊಂಡೋಗಿ ಅಂತ ಹೇಳ್ತೇನೆ. ಅಂಗಡಿಯವರು ತೋರಿಸುವ ಹೂವು-ಚಿಟ್ಟೆಯ ಸ್ಯಾಂಪಲ್ ಯಾವ ಪ್ರಿಂಟರಿನಲ್ಲೂ ಚಂದವೇ.

ಉರ್ವದ ಮನೆ

ಸರ್, ಇವೆರಡರಲ್ಲಿ ಸ್ಕ್ಯಾನರ್ ಉಂಟಾ?

ಡಾರ್ಕ್ ರೂಮ್ ಉಡುಪಿ

ಇಲ್ಲ, ಎರಡೂ ಬರೀ ಪ್ರಿಂಟರ್. ಜಿ570ರ ಒಡಹುಟ್ಟು ಜಿ670 ಅಂತ ಉಂಟು, ಅದೇ ಆರು ಶಾಯಿ, ಮೇಲೆ ಸ್ಕ್ಯಾನರ್. ಆದ್ರೆ ನಿಮ್ಮ ಇಪ್ಪತ್ತನ್ನು ಅದು ದಾಟ್ತದೆ. ಎಲ್8050 ಕೂಡ ಸಾಮಾನ್ಯವಾಗಿ ದಾಟುವುದೇ.

ಬಿಜೈ ಬಾಲ್ಕನಿ

ಸ್ಕ್ಯಾನರಿಗೋಸ್ಕರ ಪ್ರಿಂಟರ್ ಆಯ್ಕೆ ಕೆಡಿಸ್ಕೊಳ್ಬೇಡಿ ಮೇಡಂ. ಅತ್ತೆಯ ಆಲ್ಬಂ ಒಂದ್ಸಲ ಸ್ಕ್ಯಾನ್ ಆದ್ರೆ ಮುಗೀತು. ಯಾರ ಮನೆಯಲ್ಲಾದ್ರೂ ಆಲ್-ಇನ್-ವನ್ ಇರ್ತದೆ, ಒಂದು ಭಾನುವಾರ ಕೂತ್ರೆ ಆಯ್ತು. 600 ಡಿಪಿಐ ಇಡಿ. ಎರಡೂವರೆ-ಮೂರೂವರೆ ಇಂಚಿನ ಸಣ್ಣ ಫೋಟೋ ಆದ್ರೆ 1500×2100 ಪಿಕ್ಸೆಲ್ ಸಿಗ್ತದೆ, 5×7ಕ್ಕೆ ಹಿಗ್ಗಿಸಿದ್ರೂ ಇಂಚಿಗೆ 300 ಉಳೀತದೆ. ಕಪ್ಪು-ಬಿಳುಪಾದ್ರೂ ಕಲರ್ ಮೋಡಿನಲ್ಲೇ ಸ್ಕ್ಯಾನ್ ಮಾಡಿ. ಬೂಷ್ಟಿನ ಹಳದಿ ಕಲೆಯನ್ನು ಆಮೇಲೆ ತೆಗೀಲಿಕ್ಕೆ ಸುಲಭ.

ಈಗಿನ ತೆಳ್ಳಗಿನ ಸ್ಕ್ಯಾನರುಗಳು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟ ಹಿಡೀತವೆ. ಸುರುಟಿದ ಫೋಟೋದ ಎದ್ದ ಮೂಲೆ ಮಸುಕು ಬರ್ತದೆ. ಮೇಲಿಂದ ಒಂದು ದಪ್ಪ ಪುಸ್ತಕ ಇಡಿ. ಆಲ್ಬಮ್ಮಿಗೆ ಅಂಟಿಕೊಂಡದ್ದನ್ನು ಮಾತ್ರ ಕೀಳ್ಲಿಕ್ಕೆ ಹೋಗ್ಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ.

ಮಣಿಪಾಲ ಮೂರನೇ ಮಹಡಿ

ಯಾರೂ ಸೆಲ್ಫಿ ಪ್ರಿಂಟರ್ ಬಗ್ಗೆ ಹೇಳ್ಲಿಲ್ಲ. ಫೋನಿನ ಸೆಲ್ಫಿ ಅಲ್ಲ, ಕ್ಯಾನನ್ ಸೆಲ್ಫಿ ಸಿಪಿ1500. ಊಟದ ಡಬ್ಬಿಯಷ್ಟೇ ಉಂಟು. ಇಂಕ್ ಬಾಟಲಿ ಇಲ್ಲ, ಬಣ್ಣದ ರಿಬ್ಬನ್. ಬಿಸಿಗೆ ರಿಬ್ಬನ್ನಿನ ಬಣ್ಣ ಆವಿಯಾಗಿ ಕಾಗದಕ್ಕೆ ಇಳೀತದೆ. ಕಾಗದ ಒಳಗೆ ಹೊರಗೆ ನಾಲ್ಕು ಸಲ ಹೋಗ್ತದೆ: ಹಳದಿ, ಮಜೆಂಟಾ, ನೀಲಿ, ಕೊನೆಗೆ ಮೇಲೊಂದು ರಕ್ಷಣೆಯ ಪದರ. ಒಂದು ನಿಮಿಷದೊಳಗೆ ಫೋಟೋ ಒಣಗಿಯೇ ಹೊರಗೆ ಬರ್ತದೆ, ನೀರು ಬಿದ್ರೂ ಒರೆಸಿದ್ರೆ ಆಯ್ತು. ಆರು ತಿಂಗಳು ಮುಟ್ಟದೆ ಇಟ್ರೂ ಏನೂ ಆಗುವುದಿಲ್ಲ, ಒಣಗ್ಲಿಕ್ಕೆ ಶಾಯಿಯೇ ಇಲ್ಲ ಅಲ್ವಾ. ಕಾಗದ-ರಿಬ್ಬನ್ ಒಟ್ಟಿಗೇ ಬರ್ತದೆ, 108ರ ಪ್ಯಾಕಿನಲ್ಲಿ ಸರಿಯಾಗಿ 108 ಫೋಟೋ. ಲೆಕ್ಕಕ್ಕೆ ಇದಕ್ಕಿಂತ ಸುಲಭ ಇಲ್ಲ.

ಕೊರತೆ ಎಂತ ಅಂದ್ರೆ ಪೋಸ್ಟ್‌ಕಾರ್ಡ್ ಸೈಜಿಗಿಂತ ದೊಡ್ಡದು ಆಗುವುದಿಲ್ಲ, ಒಂದೊಂದಕ್ಕೂ ಲ್ಯಾಬಿಗಿಂತ ಜಾಸ್ತಿ ಬೀಳ್ತದೆ, ಧೂಳು ಕೂತ್ರೆ ಫೋಟೋದಲ್ಲಿ ಬಿಳಿ ಚುಕ್ಕಿ. ಒಂದು ತಮಾಷೆ ಹೇಳ್ತೇನೆ. ಮುಗಿದ ರಿಬ್ಬನ್ ಬಿಡಿಸಿ ಬೆಳಕಿಗೆ ಹಿಡಿದ್ರೆ ನೀವು ತೆಗೆದ ಫೋಟೋ ಎಲ್ಲ ನೆಗೆಟಿವ್ ಹಾಗೆ ಅದರಲ್ಲಿ ಕೂತಿರ್ತವೆ. ಕಸಕ್ಕೆ ಹಾಕುವ ಮೊದಲು ಕತ್ತರಿ ಆಡಿಸಿ.

ಪೆನ್ಶನ್ ಮೇಷ್ಟ್ರು

ಇದು ವರ್ಷಕ್ಕೆ ನಾಲ್ಕು ಸಲ ಮೊಮ್ಮಕ್ಕಳ ಫೋಟೋ ತೆಗೆಯುವ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಎ4 ಬೇಕೆನ್ನುವ ಉರ್ವದವರಿಗಲ್ಲ.

ಕುಂದಾಪ್ರ ಹೈದ

ಶಾಯಿ ಬಗ್ಗೆ ಒಂದು ಡೌಟು. ಕಂಪನಿ ಬಾಟ್ಲಿಯೇ ಬೇಕಾ? ಪ್ಯಾಟೆಯಂಗೆ ಅರ್ಧ ರೇಟಿಗೆ ಸಿಕ್ತಿತ್ತಲ್ಲ.

ಡಾರ್ಕ್ ರೂಮ್ ಉಡುಪಿ

ಪ್ರಾಜೆಕ್ಟಿಗೆ, ಆಧಾರ್ ಜೆರಾಕ್ಸಿಗೆ ಯಾವುದು ಹಾಕಿದ್ರೂ ನಡೀತದೆ. ಗೋಡೆಗೆ ಹಾಕುವ ಫೋಟೋಕ್ಕೆ ಬೇಡ. ಅಗ್ಗದ ಡೈ ಬೆಳಕಿಗೆ, ಗಾಳಿಯ ಓಜೋನಿಗೆ ಬೇಗ ಸೋಲ್ತದೆ. ಮೂರು ಬಣ್ಣವೂ ಒಂದೇ ಹದದಲ್ಲಿ ಮಾಸುವುದಿಲ್ಲ, ಒಂದು ಮೊದಲು ಹೋಗ್ತದೆ, ಆಮೇಲೆ ಫೋಟೋದಲ್ಲಿದ್ದವರೆಲ್ಲ ಕಾಮಾಲೆ ಬಂದ ಹಾಗೆ ಕಾಣ್ತಾರೆ. ಉಳಿಸಿದ ದುಡ್ಡು ಸಣ್ಣದು ಬೇರೆ. ಕ್ಯಾನನ್‌ನವರು ಜಿ570ಕ್ಕೆ ಒಂದು ಸೆಟ್ ಶಾಯಿಯಲ್ಲಿ 3,800ರ ತನಕ 4×6 ಬರ್ತದೆ ಅಂತ ಹೇಳ್ತಾರೆ. ಕಂಪನಿಯ ಲೆಕ್ಕದಲ್ಲಿ ಕಾಲು ಭಾಗ ಕಳೆದು ನೋಡಿದ್ರೂ ಫೋಟೋಕ್ಕೆ ಶಾಯಿಗಿಂತ ಕಾಗದವೇ ಹೆಚ್ಚು ಖರ್ಚು.

ಚೌಕಟ್ಟಿನವ

ರಥಬೀದಿ ಕಡೆ ಫ್ರೇಮ್ ಕಟ್ಟುವ ಕೆಲಸ ನನ್ನದು. ಕಾಗದದ ಮಾತು ಬಂತಲ್ಲ, ನನ್ನ ಪಾಲಿಂದು ಹೇಳಿ ಬಿಡ್ತೇನೆ, ಯಾಕಂದ್ರೆ ನಿಮ್ಮ ಪ್ರಿಂಟರಿನ ಪಾಪವೆಲ್ಲ ಕೊನೆಗೆ ನನ್ನ ಟೇಬಲ್ಲಿಗೆ ಬರುವುದು.

ಇಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಉಪ್ಪಿನ ಡಬ್ಬಿಯೇ ನೀರಾಗುವ ಊರು. ಬೆಂಗಳೂರಿನವರ ವಿಡಿಯೋ ನೋಡಿ ಪೇಪರ್ ತಗೊಂಡವರು ಇಲ್ಲಿ ಕೈಸುಟ್ಟುಕೊಳ್ತಾರೆ. ತೀರಾ ಅಗ್ಗದ ಗ್ಲಾಸಿ ಪೇಪರ್ ಅಂದ್ರೆ ಸಾದಾ ಕಾಗದದ ಒಂದು ಮಗ್ಗುಲಿಗೆ ಹೊಳಪು ಬಳಿದದ್ದು. ಹಿಂದಿನ ಮಗ್ಗುಲು ತೇವ ಕುಡಿದು ಊದ್ತದೆ, ಮುಂದಿನದು ಊದುವುದಿಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ ಫೋಟೋ ಹಪ್ಪಳದ ಹಾಗೆ ಸುರುಟ್ತದೆ. ಆರ್‌ಸಿ ಪೇಪರ್ ಅಂತ ಕೇಳಿ ತಗೊಳ್ಳಿ. ಅದರ ಕಾಗದಕ್ಕೆ ಎರಡೂ ಕಡೆ ತೆಳು ಪ್ಲಾಸ್ಟಿಕ್ ಪದರ ಇರ್ತದೆ, ಹಿಂಬದಿ ಮುಟ್ಟಿದ್ರೆ ನುಣುಪು ಗೊತ್ತಾಗ್ತದೆ. 230ರಿಂದ 270 ಜಿಎಸ್ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಇದ್ರೆ ಕೈಗೆ ಲ್ಯಾಬ್ ಫೋಟೋದ ತೂಕ ಸಿಗ್ತದೆ.

ಎರಡನೇದು, ಪ್ರಿಂಟ್ ತೆಗೆದ ಅದೇ ದಿನ ಫ್ರೇಮಿಗೆ ತರ್ಬೇಡಿ. ಮುಟ್ಟಿದ್ರೆ ಒಣಗಿದ ಹಾಗೆ ಕಾಣ್ತದೆ, ಒಳಗಿನ ದ್ರಾವಕ ಹೋಗಿರುವುದಿಲ್ಲ. ಗಾಜಿನೊಳಗೆ ಹಾಕಿದ ಮೇಲೆ ಅದು ಗಾಜಿಗೆ ಮಂಜು ಹಿಡಿಸ್ತದೆ. ಒಂದು ದಿನ ಸಾದಾ ಕಾಗದ ಮುಚ್ಚಿಟ್ಟು ಆಮೇಲೆ ತನ್ನಿ, ಮಳೆಗಾಲದಲ್ಲಿ ಎರಡು ದಿನ.

ಇನ್ನು ಗಾಜು. ಫೋಟೋ ಗಾಜಿಗೆ ತಾಗಬಾರದು. ಹಳೇ ಹೆಂಚಿನ ಮನೆಗಳಿಂದ ಬರುವ ಫ್ರೇಮುಗಳನ್ನು ಬಿಚ್ಚುವಾಗ ಅಜ್ಜನ ಹಣೆ ಗಾಜಿನಲ್ಲಿ, ಗಲ್ಲ ಕಾಗದದಲ್ಲಿ ಉಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸುತ್ತ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು) ಹಾಕಿಸಿ, ನಡುವೆ ಸಣ್ಣ ಎಡೆ ಉಳೀತದೆ. ಚಂದಕ್ಕೆ ಅಂತ ಹೇಳಿ ಮಾರ್ತೇವೆ ನಾವು, ಆದ್ರೆ ಅದರ ನಿಜವಾದ ಕೆಲಸ ಇದು. ಮಳೆ ನೀರು ಇಳಿಯುವ ಹೊರಗೋಡೆಗೆ ಮಾತ್ರ ಯಾವ ಫೋಟೋವನ್ನೂ ತೂಗಾಡಿಸ್ಬೇಡಿ.

ಉರ್ವದ ಮನೆ

ಅಜ್ಜನ ಹಣೆ ಓದಿ ಎದ್ದು ಹೋಗಿ ನಮ್ಮ ಹಾಲಿನ ಫೋಟೋ ನೋಡಿ ಬಂದೆ. ಗಾಜಿಗೆ ಅಂಟಿಕೊಂಡಿದೆ.

ಚೌಕಟ್ಟಿನವ

ಬಿಚ್ಬೇಡಿ. ಗಾಜು ಸಮೇತ ಕಿಟಕಿ ಹತ್ರ ಓರೆ ಬೆಳಕಿನಲ್ಲಿಟ್ಟು ಕ್ಯಾಮೆರಾದಲ್ಲಿ ತೆಗೀರಿ, ಎದುರಿಗೆ ಕಪ್ಪು ಬಟ್ಟೆ ಹಿಡಿದ್ರೆ ಗಾಜಿನ ಪ್ರತಿಬಿಂಬ ಬರುವುದಿಲ್ಲ.

ಸುರತ್ಕಲ್ ಇಂಜಿನಿಯರ್

ಶಾಯಿ ಉದುರಿಸುವ ಹೆಡ್ ಒಣಗಿ ಕಟ್ಟುವ ವಿಷಯ ಮೊದಲೇ ಹೇಳ್ಬೇಕಿತ್ತು, ಇವರದ್ದು ಆರು ತಿಂಗಳು ಕೆಲಸ ಆರು ತಿಂಗಳು ರಜೆ. ಇಂಕ್‌ಜೆಟ್ಟಿಗೆ ರಜೆ ಆಗುವುದಿಲ್ಲ. ವಾರಕ್ಕೊಮ್ಮೆ ಎಲ್ಲ ಬಣ್ಣ ಇರುವ ಸಣ್ಣದೊಂದು ಪ್ರಿಂಟ್ ಹೋಗ್ಬೇಕು, ಮಗಳ ಪ್ರಾಜೆಕ್ಟ್ ಇದ್ರೆ ಅದೇ ಸಾಕು. ಮಳೆಗಾಲದಲ್ಲಿ ಶಾಯಿ ಬೇಗ ಒಣಗುವುದಿಲ್ಲ ಅನ್ನುವುದು ನಮ್ಮ ಪುಣ್ಯ. ಏಸಿ ರೂಮಿನಲ್ಲಿ, ಫ್ಯಾನಿನ ಕೆಳಗೆ, ಮಾರ್ಚ್-ಏಪ್ರಿಲಿನಲ್ಲಿ ಜಾಗ್ರತೆ ಹೆಚ್ಚು.

ಆಫ್ ಮಾಡುವಾಗ ಪ್ರಿಂಟರಿನ ಬಟನ್ನಿನಿಂದಲೇ ಮಾಡಿ, ಗೋಡೆಯ ಸ್ವಿಚ್ ಆಮೇಲೆ. ಬಟನ್ ಒತ್ತಿದಾಗ ಹೆಡ್ ತನ್ನ ಮೂಲೆಗೆ ಹೋಗಿ ಮುಚ್ಚಳದೊಳಗೆ ಕೂರ್ತದೆ. ನೇರ ಸ್ವಿಚ್ ಆರಿಸಿದ್ರೆ ದಾರಿ ಮಧ್ಯೆ ಬಾಯಿ ತೆರೆದು ನಿಲ್ತದೆ. ಕರೆಂಟ್ ಹೋದಾಗಲೂ ಇದೇ ಕಥೆ, ಬಂದ ಮೇಲೆ ಒಮ್ಮೆ ಆನ್ ಮಾಡಿ ಬಟನ್ನಿನಿಂದ ಆಫ್ ಮಾಡಿ. ಏಪ್ರಿಲ್-ಮೇ ಸಿಡಿಲಿನ ಹೊತ್ತಿಗೆ ಪ್ಲಗ್ಗನ್ನೇ ಕಿತ್ತಿಡಿ.

ಕ್ಲೀನಿಂಗ್ ಅಂತ ಮೇಲಿಂದ ಮೇಲೆ ಒತ್ತಬೇಡಿ. ಪ್ರತಿ ಸಲವೂ ಶಾಯಿ ಹೋಗಿ ಒಳಗಿನ ಪ್ಯಾಡಿಗೆ ಬೀಳ್ತದೆ, ಅದು ತುಂಬಿದ ಮೇಲೆ ಪ್ರಿಂಟರ್ ಮುಷ್ಕರ ಹೂಡ್ತದೆ. ಜಿ570ರಲ್ಲಿ ಆ ಡಬ್ಬಿಯನ್ನು ನಾವೇ ಬದಲಿಸಬಹುದು. ಬೇರೆ ಯಾವುದು ನೋಡಿದ್ರೂ ಈ ಪ್ರಶ್ನೆ ಕೇಳಿಯೇ ದುಡ್ಡು ಕೊಡಿ. ಸರ್ವಿಸ್ ಸೆಂಟರ್ ಮಂಗಳೂರಿನಲ್ಲೇ ಉಂಟಾ ಅಂತಲೂ ಕೇಳಿ.

ಬಿಜೈ ಬಾಲ್ಕನಿ

ಫೋಟೋ ಮಸುಕು ಬಂದ್ರೆ ಪ್ರಿಂಟರಿಗೆ ಬೈಯುವ ಮೊದಲು ಫೈಲ್ ನೋಡಿ. ಮದುವೆ ಮನೆಯವರು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲಿನ ಆಸುಪಾಸಿಗೆ ಇಳಿದಿರ್ತದೆ. 4×6ಕ್ಕೆ ಹೇಗೋ ನಡೀತದೆ, ಎ4 ಮಾಡಿದ್ರೆ ಇಂಚಿಗೆ 140 ಪಿಕ್ಸೆಲೂ ಇಲ್ಲ. ಡಾಕ್ಯುಮೆಂಟ್ ಆಗಿ ಕಳಿಸ್ಲಿಕ್ಕೆ ಹೇಳಿ.

ಮತ್ತೆ, ಫೋನಿನ ಫೋಟೋ 4:3, 4×6 ಕಾಗದ 3:2. ಅಡ್ಡ ಫೋಟೋವನ್ನು ಕಾಗದದ ತುಂಬ ಹಾಕಿದ್ರೆ ಮೇಲೆ ಕೆಳಗೆ ಸೇರಿ ಒಂಬತ್ತರಲ್ಲಿ ಒಂದು ಪಾಲು ಹೋಗ್ತದೆ. ಕಿರೀಟದ ತುದಿ ಹಾರುವುದು ಹೀಗೆ. ಯಜಮಾನರಿಗೆ ಹೇಳಿ, ವೇಷ ತೆಗೆಯುವಾಗ ಮೇಲೆ ಸ್ವಲ್ಪ ಜಾಗ ಬಿಡಲಿ.

ಕದ್ರಿ ಮೆಟ್ಟಿಲು

ಉರ್ವದವರೇ, ನನ್ನ ಹತ್ರ ಎಲ್8050 ಉಂಟು. ಅಂಗಡಿಯಲ್ಲಿ ಡೆಮೋ ಕೊಡ್ಲಿಕ್ಕೆ ಹಿಂದೆಮುಂದೆ ನೋಡ್ತಾರೆ, ನಿಮ್ಮ ಮೂರು ಫೈಲ್ ಕಳಿಸಿ. ಒಂದು ವೇಷ, ಒಂದು ಮುಖ, ಒಂದು ಕಪ್ಪು-ಬಿಳುಪು. ತೆಗೆದಿಡ್ತೇನೆ, ಬಂದು ತಗೊಂಡೋಗಿ. ಡಾರ್ಕ್ ರೂಮಿನವರು ಅವೇ ಮೂರನ್ನು ಜಿ570ರಲ್ಲಿ ತೆಗೆದ್ರೆ ಹೋಲಿಸ್ಬಹುದು.

ಡಾರ್ಕ್ ರೂಮ್ ಉಡುಪಿ

ಆಯ್ತು. ಮಗನ ಹತ್ರ ಉಂಟು, ಬಸ್ಸಿಗೆ ಹಾಕಿ ಕಳಿಸ್ತೇನೆ. ಇಬ್ಬರೂ ಒಂದೇ ಕಂಪನಿಯ ಕಾಗದ ಹಾಕುವ, ಇಲ್ಲದಿದ್ರೆ ಹೋಲಿಕೆಗೆ ಅರ್ಥ ಇಲ್ಲ. ಮೇಡಂ, ಹಗಲು ಬೆಳಕಿನಲ್ಲಿ ಒಮ್ಮೆ, ರಾತ್ರಿ ಲೈಟಿನಲ್ಲಿ ಒಮ್ಮೆ ನೋಡಿ. ಕಪ್ಪು-ಬಿಳುಪಿನ ನಿಜವಾದ ಬಣ್ಣ ರಾತ್ರಿಯೇ ಗೊತ್ತಾಗುವುದು.

ಉರ್ವದ ಮನೆ

ಎರಡೂ ಕೈಸೇರಿದವು, ಇಬ್ಬರಿಗೂ ದೊಡ್ಡ ನಮಸ್ಕಾರ. ಹೆಸರು ಕಾಣದ ಹಾಗೆ ಹಿಂದೆ ಒಂದು-ಎರಡು ಅಂತ ಬರೆದು ಜಗಲಿಯಲ್ಲಿ ಹರಡಿ ಮನೆಯವರಿಗೆಲ್ಲ ತೋರಿಸಿದೆ. ಮಗಳ ಮುಖದ ಫೋಟೋದಲ್ಲಿ ಎಲ್ಲರೂ ಎಪ್ಸನ್ ಕಡೆ. ಕೆನ್ನೆ ಹತ್ರದ ಬೆಳಕು ಅಷ್ಟು ನುಣ್ಣಗೆ ಬಂದಿದೆ. ವೇಷದ್ದರಲ್ಲಿ ಜಗಳ. ನಮ್ಮವರು ಕ್ಯಾನನ್ನಿನ ಕೆಂಪನ್ನು ಬಿಟ್ಟು ಏಳ್ಲಿಲ್ಲ, ಮೈದುನ "ಇದು ಜಾಸ್ತಿಯಾಯ್ತು, ರಂಗಸ್ಥಳದಲ್ಲಿ ಹೀಗಿರುವುದಿಲ್ಲ" ಅಂತ. ಕಪ್ಪು-ಬಿಳುಪು ಹಗಲಿಗೆ ಎರಡೂ ಒಂದೇ. ರಾತ್ರಿ ಲೈಟ್ ಹಾಕಿದ ಮೇಲೆ ಒಂದರಲ್ಲಿ ಅತ್ತೆಯ ಬಿಳಿ ಸೀರೆಗೆ ಗುಲಾಬಿ ಛಾಯೆ ಬಂತು, ಕ್ಯಾನನ್ನಿನದ್ದು ಬೂದು ಬೂದಾಗಿಯೇ ಇತ್ತು. ಅತ್ತೆಯೇ ಮೊದಲು ಹೇಳಿದ್ದು, "ನಾನು ಧಾರೆಗೆ ಬಿಳಿ ಉಟ್ಟದ್ದು, ಗುಲಾಬಿ ಅಲ್ಲ."

ಜಿ570 ಅಂತ ಆಗಿದೆ. 4×6 ಎಲ್ಲ ಮೇಷ್ಟ್ರ ಲೆಕ್ಕದ ಹಾಗೆ ಲ್ಯಾಬಿಗೇ, "ಕರೆಕ್ಷನ್ ಬೇಡ" ಅಂತ ಹೇಳಿ. ಮನೆಯಲ್ಲಿ ಎ4 ಮತ್ತು ಅತ್ತೆಯ ಆಲ್ಬಂ. ಸ್ಕ್ಯಾನಿಗೆ ತಮ್ಮನ ಮನೆ.

ಕೊನೇ ಪ್ರಶ್ನೆ. ಪೇಪರ್ ದೊಡ್ಡ ಪ್ಯಾಕ್ ತಂದ್ರೆ ಮಳೆಗಾಲದಲ್ಲಿ ಹೇಗೆ ಇಡುವುದು?

ಚೌಕಟ್ಟಿನವ

ದೊಡ್ಡ ಪ್ಯಾಕ್ ಬೇಡ, ಇಪ್ಪತ್ತರದ್ದು ತನ್ನಿ. ಒಡೆದ ಪ್ಯಾಕನ್ನು ಜಿಪ್ ಕವರಿಗೆ ಹಾಕಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಟ್ಟಸವಾಗಿ ಮಲಗಿಸಿ. ಪ್ರಿಂಟರಿನ ಟ್ರೇಯಲ್ಲಿ ರಾತ್ರಿ ಬಿಡಬೇಡಿ, ಬೆಳಿಗ್ಗೆಗೆ ಬಗ್ಗಿರ್ತದೆ. ಯಾವ ಮಗ್ಗುಲು ಅಂತ ಸಂಶಯ ಬಂದ್ರೆ ಬೆರಳು ಸ್ವಲ್ಪ ಒದ್ದೆ ಮಾಡಿ ಮೂಲೆಗೆ ಒತ್ತಿ, ಅಂಟಿದ್ದೇ ಪ್ರಿಂಟಿನ ಮಗ್ಗುಲು.

ಸುರತ್ಕಲ್ ಇಂಜಿನಿಯರ್

ಮತ್ತೆ ಪ್ರಿಂಟ್ ಒತ್ತುವ ಮೊದಲು ಸೆಟ್ಟಿಂಗಿನಲ್ಲಿ ಪೇಪರ್ ಯಾವುದು ಅಂತ ಬದಲಿಸಿ. ಪ್ಲೇನ್ ಪೇಪರ್ ಅಂತಲೇ ಬಿಟ್ಟು ಗ್ಲಾಸಿ ಹಾಕಿದ್ರೆ ಬಣ್ಣವೂ ಹಾಳು, ಶಾಯಿಯೂ ದಂಡ. ಕ್ವಾಲಿಟಿ ಹೈ ಇಡಿ, ನಿಧಾನ ಆಗ್ತದೆ, ಆಗ್ಲಿ. ಕಂಪ್ಯೂಟರ್ ಪರದೆಯ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಫೋಟೋ ತಿದ್ದಿ, ಇಲ್ಲದಿದ್ರೆ ಪ್ರಿಂಟ್ ಕಪ್ಪಾಗಿ ಬಂತು ಅಂತ ನಾಳೆ ಇಲ್ಲೇ ಬಂದು ಕೇಳ್ತೀರಿ.

ಕುಂದಾಪ್ರ ಹೈದ

ಪ್ರಿಂಟರ್ ಬಂದ್ಮೇಲೆ ಯಜಮಾನ್ರು ತೆಗ್ದ ಬಡಗಿನ ವೇಷದ ಒಂದು ಎ4 ನಂಗೂ ಕಳ್ಸಿ ಅಕ್ಕ. ಕಾಗ್ದದ ದುಡ್ಡು ನಾ ಕೊಡ್ತೆ.

ಕಂಕನಾಡಿ ಕಾಫಿ

ಶಾಯಿದ್ದು ಯಾರು ಕೊಡುವುದು ಮಾರಾಯ?